ಪಟದ ಹಿಂದಿನ ಕೆಂಪು ದೀಪ

ಮೇಸ್ತ್ರಿಯ ಬಲಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಬಲಗೈ ಮಾತ್ರ ಬೆರಳ ಗೆಣ್ಣಿನಿಂದ ಮಣಿಕಟ್ಟಿನವರೆಗೆ ನುಣ್ಣಗೆ, ಬೆಂದು ಒಣಗಿದ ಚರ್ಮದ ಹೊಳಪಿನಲ್ಲಿತ್ತು. ಅಲ್ಲಲ್ಲಿ ಉಗುರಿನಗಲದ ಕಂದು ಕಲೆಗಳು. ಓಡಿ ಬಂದು ನಿಂತ ಗಾಡಿಯ ಚಕ್ರ ಕಾದಿದೆಯೇ ಎಂದು ಅವರು ಕೈಯ ಆ ಬದಿಯಿಂದ ಮುಟ್ಟಿ ನೋಡುತ್ತಿದ್ದರು. ಅಂಗೈಯಿಂದ ಯಾಕೆ ಮುಟ್ಟುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. “ಅಂಗೈ ಸುಟ್ಕೊಂಡ್ರೆ ನಾಳೆ ಸ್ಪ್ಯಾನರ್ ಹಿಡಿಯೋಕೆ ನೀನು ಬರ್ತೀಯಾ?” ಅಂದಿದ್ದರು.

ಸಾಗರದಲ್ಲಿ ಅವರದೊಂದು ತಗಡಿನ ಶೆಡ್ಡು. ಎಂಜಿನ್ ಕೆಲಸಕ್ಕೆ ಬೇರೆಯವರಿದ್ದರು, ಇವರದು ಬ್ರೇಕ್ ಮಾತ್ರ. ಶೆಡ್ಡಿನ ಬಾಗಿಲಲ್ಲಿ ಒಂದು ಕಡೆ ಕರಿಕಲ್ಲಿನ ತುಂಡುಗಳನ್ನು ಒಟ್ಟಿರುತ್ತಿದ್ದರು. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಚಕ್ರದ ಕೆಳಗೆ ಸರಿಯಾಗಿ ಕೂರುವಂಥವು. ನಮ್ಮ ಕಡೆಯ ಮಳೆಗೆ ಹ್ಯಾಂಡ್ ಬ್ರೇಕಿನ ಕೇಬಲ್ಲು ಎರಡು ವರ್ಷದಲ್ಲಿ ತುಕ್ಕು ಹಿಡಿಯುತ್ತದೆ ಎಂದು ಯಾರೂ ಅದನ್ನು ನೆಚ್ಚುತ್ತಿರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಕಲ್ಲು ಇಡುವುದೇ ಪದ್ಧತಿ. ಮೇಸ್ತ್ರಿ ಕೆಲಸ ಮುಗಿಸಿದ ಪ್ರತಿ ಗಾಡಿಯ ಡಿಕ್ಕಿಯಲ್ಲೂ ಒಂದು ಕಲ್ಲು ಇಟ್ಟು ಕಳಿಸುತ್ತಿದ್ದರು. “ಹ್ಯಾಂಡ್ ಬ್ರೇಕ್ ಅನ್ನೋದು ಬಟ್ಟೆ ನೇತುಹಾಕೋಕೆ ಕೊಟ್ಟಿದ್ದು” ಎಂದು ಅವರು ಹೇಳುವಾಗ ಮುಖದಲ್ಲಿ ನಗು ಇರುತ್ತಿರಲಿಲ್ಲ.

ನಾನು ಅವರಿಗೆ ಋಣಿಯಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ಹೊಸನಗರದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಹುಲಿಕಲ್ ಘಾಟಿಯಲ್ಲಿ ನನ್ನ ಮುಂದೆ ಇಳಿಯುತ್ತಿದ್ದ ಲಾರಿಯೊಂದು ತಿರುವಿನಲ್ಲಿ ತಿರುಗಲಿಲ್ಲ. ನಾನು ಕಂಡದ್ದು ಅಷ್ಟೇ: ತಿರುಗಲಿಲ್ಲ. ಪೊಲೀಸರಿಗೂ ಅಷ್ಟೇ ಹೇಳಿದೆ. ಆಮೇಲೆ ಆರು ತಿಂಗಳು ಘಾಟಿಯ ಬಾಡಿಗೆ ಬಂದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮೇಸ್ತ್ರಿಗೆ ಅದು ಹೇಗೋ ಗೊತ್ತಾಯಿತು. ಮೂರು ಭಾನುವಾರ ಬಸ್ಸಿನಲ್ಲಿ ಹೊಸನಗರಕ್ಕೆ ಬಂದು, ನನ್ನ ಪಕ್ಕ ಕೂತು, ಘಾಟಿ ಇಳಿಸಿ ಹತ್ತಿಸಿದರು. “ಬ್ರೇಕ್ ಇರೋದು ನಿಲ್ಸೋಕೆ ಮಾರಾಯ. ಇಳ್ಸೋಕೆ ಗೇರ್ ಇದೆ. ಗಾಡಿ ನಿನ್ನ ಕಾಲಿಗೆ ಏನು ಹೇಳ್ತದೆ ಕೇಳು. ಕೇಳಿದ್ದನ್ನ ನಂಗೆ ಬಂದು ಹೇಳು.” ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವೆ ನಾನು ಹೊಸನಗರದ ಡಾಕ್ಟರಮ್ಮನ ಕಾರಿಗೆ ಡ್ರೈವರಾದೆ. ಅವರ ಅಣ್ಣ ಇಂಗ್ಲೆಂಡಿನಿಂದ ಬರುವಾಗ ತಂದು ತಂಗಿಗೆ ಬಿಟ್ಟುಹೋದ ಕಾರು ಅದು. ಮುಂದಿನ ಚಕ್ರಗಳಿಗೆ ಡ್ರಮ್ಮಿನ ಬದಲು ತಟ್ಟೆ, ಅದನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡುಗಳು. ಪ್ಯಾಡು ಸವೆದರೆ ಸ್ಟೀರಿಂಗಿನ ಹಿಂದೆ ಒಂದು ಕೆಂಪು ದೀಪ ಹತ್ತುತ್ತಿತ್ತು. ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ದೀಪ, ಹ್ಯಾಂಡ್ ಬ್ರೇಕ್ ಎಳೆದರೂ ಅದೇ ದೀಪ. ಒಂದು ದಿನ ಅದು ಹತ್ತಿತು. ಪ್ಯಾಡು ಸವೆದಿತ್ತು. ಅಣ್ಣನಿಗೆ ಕಾಗದ ಬರೆದು ಹೊಸ ಪ್ಯಾಡು ತರಿಸಿದ್ದಾಯಿತು. ಜೊತೆಗೊಂದು ಇಂಗ್ಲಿಷ್ ಪುಸ್ತಿಕೆಯೂ ಬಂತು.

ಸಾಗರದ ಶೆಡ್ಡಿನಲ್ಲಿ ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತು ಪುಸ್ತಿಕೆಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದರು. ಮೇಸ್ತ್ರಿ ಅದರಂತೆ ಮಾಡಿದರು. ವಿದೇಶದ ಕಾರು, ತಾನು ಕಾಣದ ಬ್ರೇಕು ಎಂಬ ಭಯಭಕ್ತಿ ಅವರಿಗಿತ್ತು. ಮೊದಲ ಸಾಲು ಹ್ಯಾಂಡ್ ಬ್ರೇಕ್ ಎಳೆಯಬೇಕು ಎಂದಿತ್ತು. ಮೇಸ್ತ್ರಿ ಕಲ್ಲಿನ ಕಡೆ ಒಮ್ಮೆ ನೋಡಿ, ಒಳಗೆ ಕೈ ಹಾಕಿ ಲಿವರ್ ಎಳೆದರು. ಅದು ಕಿರುಗುಟ್ಟಿತು. ಅವರು ಅದನ್ನು ಎಳೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೆಲಸ ಮುಗಿದ ಮೇಲೆ ಕೆಳಗೆ ಬಿಟ್ಟರು. ಪುಸ್ತಿಕೆಯ ಕೊನೆಯ ಸಾಲು: ನಾಲ್ಕೈದು ಸಲ ಪೆಡಲ್ ಒತ್ತಿ ಕಾರು ಚಾಲೂ ಮಾಡಿದರೆ ದೀಪ ತಾನಾಗಿಯೇ ಆರುತ್ತದೆ.

ಆರಲಿಲ್ಲ.

“ಆರುತ್ತೆ ಅಂತ ಬರೆದಿದಾರೆ” ಎಂದರು ಡಾಕ್ಟರಮ್ಮ.

“ಬರ್ದೋರನ್ನ ಕರ್ಸಿ, ಆರಿಸ್ಲಿ” ಎಂದರು ಮೇಸ್ತ್ರಿ.

ಎಂಟು ದಿನದಲ್ಲಿ ಮೂರು ಸಲ ಸಾಗರಕ್ಕೆ ಹೋದೆವು. ಮೊದಲನೆಯ ಸಲ ಪ್ಯಾಡಿನಿಂದ ಬರುವ ಸಣ್ಣ ತಂತಿಗಳನ್ನು ಬಿಚ್ಚಿ, ಉಜ್ಜಿ, ಟೇಪು ಸುತ್ತಿ ಜೋಡಿಸಿದರು. ದೀಪ ಉರಿಯುತ್ತಿತ್ತು. ಎರಡನೆಯ ಸಲ ಇದ್ದ ಬ್ರೇಕ್ ಆಯಿಲನ್ನೆಲ್ಲ ತೆಗೆದು ಹೊಸದು ತುಂಬಿದರು. ಉರಿಯುತ್ತಿತ್ತು. ಮೂರನೆಯ ಸಲ ಪ್ಯಾಡುಗಳನ್ನೇ ಪೂರ್ತಿ ತೆಗೆದು, ಒರೆಸಿ, ಮತ್ತೆ ಹಾಕಿದರು. ಬ್ಯಾಟರಿಯ ತಂತಿ ಕಳಚಿ ಒಂದು ಗಂಟೆ ಬಿಟ್ಟು ಮತ್ತೆ ಸಿಕ್ಕಿಸಿದರು. ಉರಿಯುತ್ತಲೇ ಇತ್ತು. ಪ್ರತಿ ಸಲವೂ ಮುಂದಿನ ಚಕ್ರಗಳನ್ನೇ ಜಾಕಿನ ಮೇಲೆ ಎತ್ತಿದರು, ಅವಕ್ಕೇ ಕೈ ಇಟ್ಟು ನೋಡಿದರು. ಪ್ರತಿ ಸಲವೂ ನನ್ನನ್ನು ಕೇಳಿದರು: “ಗಾಡಿ ಹೆಂಗಿದೆ?”

“ಚೆನ್ನಾಗಿದೆ” ಎಂದೆ. ಮೂರು ಸಲವೂ.

ಬಲ್ಬ್ ತೆಗೆದುಬಿಡಿ ಎಂದು ಡಾಕ್ಟರಮ್ಮ ಹೇಳಿದಾಗ ಅವರ ದನಿಯಲ್ಲಿ ಅಳುವೇ ಇತ್ತು. ಅವರ ಮುಂಜಾನೆಗಳೆಲ್ಲ ಸಾಗರದ ರಸ್ತೆಯಲ್ಲಿ ಹೋಗುತ್ತಿದ್ದವು. ಹೊಸನಗರದಲ್ಲಿ ರೋಗಿಗಳು ಕಾಯುತ್ತಿದ್ದರು.

ಮೇಸ್ತ್ರಿ ತಲೆಯಾಡಿಸಿದರು. “ಬಾಗ್ಲಲ್ಲಿ ಯಾರೋ ಕೂಗ್ತಿದಾರೆ ಡಾಕ್ಟ್ರಮ್ಮ. ಯಾರು ಅಂತ ನೋಡ್ದೆ ಚಿಲ್ಕ ಹಾಕೋದಾ?”

“ಎಂಟು ದಿನದಿಂದ ನೋಡ್ತಾ ಇದೀರಲ್ಲ!”

“ಹೌದು. ನನ್ ಕಣ್ಣೇ ಸರಿ ಇಲ್ಲ ಅನ್ಸ್ತದೆ” ಎಂದು ಅವರು ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿದರು. ಸಾಮಾನು ಬಿಸಾಡುವ ಮನುಷ್ಯ ಅವರಲ್ಲ. ಒಂದು ಕ್ಷಣ ಬಿಟ್ಟು ತಾವೇ ಬಗ್ಗಿ ಎತ್ತಿ, ಒರೆಸಿ, ಅದರ ಜಾಗದಲ್ಲಿಟ್ಟರು.

ವಾಪಸು ಬರುವಾಗ ಡಾಕ್ಟರಮ್ಮ ಆ ದೀಪದ ಮೇಲೆ ಏನಾದರೂ ಅಂಟಿಸು ಎಂದರು. ಹೊಸನಗರದ ಅಂಗಡಿಯಲ್ಲಿ ದೇವಿಯ ಒಂದು ಸಣ್ಣ ಅಂಟಿಸುವ ಪಟ ಕೊಂಡು, ದೀಪ ಮುಚ್ಚುವಂತೆ ಹಚ್ಚಿದೆ. ಆಮೇಲೆ ಯಾರೂ ದೀಪದ ಬಗ್ಗೆ ಕೇಳಲಿಲ್ಲ. ತೆಳುವಾದ ಕಾಗದ, ಹಿಂದಿನಿಂದ ಕೆಂಪು ಬೆಳಕು ಬಿದ್ದು ದೇವಿಯ ಮುಖ ಬೆಳಗುತ್ತಿತ್ತು. ಕಾರು ಹತ್ತಿದ ರೋಗಿಗಳು ಕೈ ಮುಗಿಯುತ್ತಿದ್ದರು. ನನಗೆ ಒಳಗೊಳಗೇ ಹೇಸಿಗೆಯಾದರೂ ನೆಮ್ಮದಿಯೂ ಆಯಿತು.

ಎರಡು ದಿನ ಕಳೆದು, ನಿಟ್ಟೂರಿನ ಕಡೆಯ ಒಬ್ಬ ಬಸುರಿಯನ್ನು ಅವಳ ಅತ್ತೆ ಡಾಕ್ಟರಮ್ಮನಲ್ಲಿಗೆ ಕರೆತಂದರು. ಮಗು ಅಡ್ಡ ಇದೆ, ನೋವು ಶುರುವಾಗುವ ಮೊದಲೇ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು ಎಂದು ಡಾಕ್ಟರಮ್ಮ ತೀರ್ಮಾನಿಸಿದರು. ಅತ್ತೆ, ಸೊಸೆ, ಡಾಕ್ಟರಮ್ಮ ಹಿಂದೆ ಕೂತರು. ನಾನು ಕಾರು ಚಾಲೂ ಮಾಡುವಷ್ಟರಲ್ಲಿ ಸಾಗರದ ಬಸ್ಸಿನಿಂದ ಮೇಸ್ತ್ರಿ ಇಳಿದರು. ಮತ್ತೊಮ್ಮೆ ನೋಡೋಣ ಎಂದು ತಾವಾಗಿಯೇ ಬಂದಿದ್ದರು. ಕಾರಿನೊಳಗೆ ಇಣುಕಿ ಪಟವನ್ನು ಕಂಡರು.

“ಘಾಟಿಗಾ?”

“ಹೌದು.”

“ಅಮ್ಮನ್ನ ಕಾವಲಿಗೆ ಕೂರ್ಸಿದೀಯ” ಎಂದಷ್ಟೇ ಹೇಳಿ, ಯಾರನ್ನೂ ಕೇಳದೆ ನನ್ನ ಪಕ್ಕದ ಸೀಟಿನಲ್ಲಿ ಕೂತರು.

ಹುಲಿಕಲ್ಲಿನಲ್ಲಿ ಘಾಟಿ ಶುರುವಾಗುವ ಮೊದಲು ದೇವಿಯ ಗುಡಿ ಇದೆ. ಅಲ್ಲಿ ನಿಲ್ಲದೆ ಯಾವ ಗಾಡಿಯೂ ಇಳಿಯುವುದಿಲ್ಲ. ನಾನು ಎಂಜಿನ್ ಆರಿಸದೆಯೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೈಮುಗಿದು ಬಂದೆ. ಆ ಹೊತ್ತಿನಲ್ಲಿ ಮೇಸ್ತ್ರಿ ಚಕ್ರಗಳನ್ನು ಸುತ್ತುತ್ತಿದ್ದರು. ಘಾಟಿಗೆ ಮೊದಲು ನಾಲ್ಕನ್ನೂ ಮುಟ್ಟುವುದು ಅವರ ನೇಮ, ಉಳಿದವರಿಗೆ ಕಾಣಿಕೆ ಹಾಕುವ ನೇಮವಿದ್ದಂತೆ. ಮುಂದಿನ ಎಡಕ್ಕೆ ಕೈಯ ಹಿಂಬದಿ ಇಟ್ಟರು, ತೆಗೆದರು. ಮುಂದಿನ ಬಲಕ್ಕೆ ಇಟ್ಟರು, ತೆಗೆದರು. ಹಿಂದಿನ ಬಲಕ್ಕೆ ಇಟ್ಟವರು ಕೈಯನ್ನು ಸರಕ್ಕನೆ ಎಳೆದುಕೊಂಡರು. ಇನ್ನೊಂದು ಬದಿಗೆ ಹೋಗಿ, ಈ ಸಲ ಮುಟ್ಟದೆ ಹತ್ತಿರ ಹಿಡಿದರು. ಆಗ ನನಗೂ ಸುಟ್ಟ ವಾಸನೆ ಬಂತು.

ಅವರು ಬಗ್ಗಿ ಹಿಂದಿನ ಚಕ್ರಗಳ ಒಳಗೆ ಇಣುಕಿದರು. ಆಮೇಲೆ ನನ್ನ ಬಾಗಿಲು ತೆಗೆದು, ಎರಡು ಸೀಟುಗಳ ನಡುವೆ ಇರುತ್ತಿದ್ದ ಔಷಧಿ ಚೀಲವನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಹ್ಯಾಂಡ್ ಬ್ರೇಕಿನ ಲಿವರ್ ಮಲಗಿಯೇ ಇತ್ತು, ಅಥವಾ ನಮಗೆಲ್ಲ ಹಾಗೆ ಕಂಡಿತ್ತು. ಅವರು ಎರಡೂ ಕೈಯಿಂದ ಅದರ ಮೇಲೆ ಭಾರ ಬಿಟ್ಟು ಒತ್ತಿದರು. ಟಕ್ ಎಂದು ಅದು ಇನ್ನೊಂದು ಬೆರಳಿನಷ್ಟು ಕೆಳಗೆ ಹೋಯಿತು.

ದೇವಿಯ ಮುಖದ ಹಿಂದಿನ ಬೆಳಕು ಆರಿತು.

ಪುಸ್ತಿಕೆಯ ಮಾತು ಕೇಳಿ ಎಳೆದ ಲಿವರು ತುಕ್ಕಿನಿಂದ ಮೊದಲ ಹಲ್ಲಿನಲ್ಲೇ ಸಿಕ್ಕಿಕೊಂಡಿತ್ತು. ಅದು ಎಳೆಯುವ ಹಿಂದಿನ ಬ್ರೇಕುಗಳು ಅಂದಿನಿಂದಲೂ ಚಕ್ರವನ್ನು ಹಿಡಿದುಕೊಂಡೇ ಇದ್ದವು. ಮೇಸ್ತ್ರಿ ತಾವು ಕೈ ಹಾಕಿದ ಮುಂದಿನ ಚಕ್ರಗಳಲ್ಲೇ ತಪ್ಪು ಹುಡುಕಿದ್ದರು. ಹ್ಯಾಂಡ್ ಬ್ರೇಕನ್ನು ಅವರು ಬ್ರೇಕು ಎಂದು ಎಣಿಸಿಯೇ ಇರಲಿಲ್ಲ. ಹಾಗೆಯೇ ಇಳಿದಿದ್ದರೆ ಆ ಕಾವಿಗೆ ಆಯಿಲ್ ಕುದಿದು, ಅರ್ಧ ಘಾಟಿಯಲ್ಲಿ ಪೆಡಲ್ ತಳ ಮುಟ್ಟುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು. “ಎಂತಾ ಆತು? ಅಮ್ಮನ ದೀಪ ಆರಿ ಹೋತಲಾ.”

“ಈಗ ಸರಿಯಾಯ್ತು ಅಮ್ಮ” ಎಂದೆ.

“ಎಂತ ಸರಿ? ಇಲ್ಲೀವರೆಗೆ ಉರಿತಾ ಇತ್ತು, ಗುಡಿ ಎದುರಿಗೆ ಆರೋತು. ಇಂಥ ಹೊತ್ತಲ್ಲಿ ಮುಂದೆ ಹೋಪಲಾಗ. ಆನು ಬತ್ನಿಲ್ಲೆ, ಇವಳನ್ನೂ ಕಳಿಸ್ತ್ನಿಲ್ಲೆ.” ಅವರು ಸೊಸೆಯ ಕೈ ಹಿಡಿದುಕೊಂಡು ಇಳಿಯಲು ಹೊರಟರು. ಡಾಕ್ಟರಮ್ಮ ಗಡಿಯಾರ ನೋಡಿ ಹಣೆ ಒತ್ತಿಕೊಂಡರು. ಹತ್ತು ದಿನ ಆರಲಿ ಎಂದು ಬೇಡಿದ ದೀಪ ಈಗ ಆರಿದ್ದೇ ತಪ್ಪಾಗಿತ್ತು. ನನಗೆ ಆ ಮುದುಕಿಯ ಮೇಲೂ ಪುಸ್ತಿಕೆಯ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಮೇಸ್ತ್ರಿ ಹಿಂದಿನ ಬಾಗಿಲ ಹತ್ತಿರ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತರು. “ಅಮ್ಮ, ಅದು ದೇವ್ರ ದೀಪ ಅಲ್ಲ. ನನ್ ತಪ್ಪು ಉರೀತಿತ್ತು. ನೋಡಿ” ಎಂದು ಒಳಗೆ ಬಗ್ಗಿ ಲಿವರ್ ಎಳೆದರು, ದೇವಿ ಕೆಂಪಾದಳು. ಒತ್ತಿ ಬಿಟ್ಟರು, ಆರಿತು. ಮತ್ತೆ ಎಳೆದರು, ಮತ್ತೆ ಬಿಟ್ಟರು. ಆಮೇಲೆ ಹೆಬ್ಬೆರಳನ್ನು ನೀರಲ್ಲಿ ಅದ್ದಿ, ಪಟದ ಅಂಚನ್ನು ನೆನೆಸಿ ನೆನೆಸಿ, ಹರಿಯದಂತೆ ಬಿಡಿಸಿದರು. ಕಣ್ಣಿಗೊತ್ತಿಕೊಂಡು ಅತ್ತೆಯ ಕೈಗೆ ಕೊಟ್ಟರು. “ಅಮ್ಮ ನಿಮ್ ಹತ್ರ ಇರ್ಲಿ. ದೀಪ ನನ್ ಎದ್ರಿಗೆ ಇರ್ಲಿ.”

ಅತ್ತೆ ಪಟವನ್ನು ನೋಡಿದರು, ಅವರ ಕೈಯನ್ನು ನೋಡಿದರು. ಆ ಕೈಯಲ್ಲಿ ಎರಡು ಬೆರಳಗಲದ ಬೊಕ್ಕೆ ಆಗಲೇ ಎದ್ದಿತ್ತು. “ಕೈ ಸುಟ್ಟಿದ್ದಲಾ ನಿಮ್ದು” ಎಂದು ಮತ್ತೆ ಸೀಟಿಗೆ ಒರಗಿದರು.

ಡಾಕ್ಟರಮ್ಮ ಹೊರಡೋಣ ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಕಾದ ಡ್ರಮ್ಮಿಗೆ ನೀರು ಹಾಕಲೂ ಬಿಡಲಿಲ್ಲ, ಒಡೆಯುತ್ತದೆ ಎಂದರು. ಮುಕ್ಕಾಲು ಗಂಟೆ ಕಾದೆವು. ಆ ಮುಕ್ಕಾಲು ಗಂಟೆ ಬಸುರಿ ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಮೇಸ್ತ್ರಿ ಐದೈದು ನಿಮಿಷಕ್ಕೆ ಎದ್ದು ಚಕ್ರ ಮುಟ್ಟುತ್ತಿದ್ದರು, ಈಗ ಎಡಗೈಯ ಹಿಂಬದಿಯಿಂದ. ಕೊನೆಗೆ “ತಣ್ಣಗಿದೆ, ಹೊರಡು” ಎಂದರು. ಎರಡನೇ ಗೇರಿನಲ್ಲಿ ಇಳಿದೆವು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದರು.

ವಾಪಸು ಘಾಟಿ ಹತ್ತುವಾಗ ಮೇಸ್ತ್ರಿ ರಸ್ತೆ ನೋಡುತ್ತಲೇ ಕೇಳಿದರು: “ಗಾಡಿ ಭಾರ ಅನ್ಸಿರ್ಲಿಲ್ವಾ ನಿಂಗೆ?”

ಅನ್ನಿಸಿತ್ತು. ಮೊದಲ ದಿನದಿಂದಲೇ ಅನ್ನಿಸಿತ್ತು. ಆಕ್ಸಿಲರೇಟರ್ ಬಿಟ್ಟರೆ ಕಾರು ಓಡದೆ ಕುಗ್ಗುತ್ತಿತ್ತು. ಹೊಸ ಪ್ಯಾಡು ಕೂರುವವರೆಗೆ ಹಾಗೇ ಇರಬಹುದು ಎಂದುಕೊಂಡೆ. ಹೇಳಿದರೆ ಇನ್ನೊಂದು ದಿನ ಶೆಡ್ಡಿನಲ್ಲಿ ಕಾಯಬೇಕಾಗುತ್ತದೆ ಎಂದೂ ಅಂದುಕೊಂಡೆ.

“ಇಲ್ಲ” ಎಂದೆ.

“ಹಾಂ” ಎಂದರು.

ಆಮೇಲಿನ ವರ್ಷಗಳಲ್ಲಿ ಶೆಡ್ಡಿಗೆ ಬಂದ ಪ್ರತಿಯೊಬ್ಬ ಡ್ರೈವರಿಗೂ ಅವರು ಈ ಕಥೆ ಹೇಳಿದರು. ಎಷ್ಟೋ ಸಲ ನನ್ನ ಎದುರಿಗೇ. “ಮೂವತ್ತು ವರ್ಷ ಬ್ರೇಕ್ ಕೆಲ್ಸ ಮಾಡಿ ಒಂದು ಲಿವರ್ ನೋಡ್ಲಿಲ್ಲ ನಾನು” ಎಂದು ಮುಗಿಸುತ್ತಿದ್ದರು. ಕಥೆಯಲ್ಲಿ ನಾನು ಬರುತ್ತಿದ್ದೆ, ಪಟ ಅಂಟಿಸಿದವನಾಗಿ, ಎಲ್ಲರೂ ನಗುತ್ತಿದ್ದರು. ಅವರು ನನ್ನನ್ನು ಮೂರು ಸಲ ಕೇಳಿದ್ದು, ನಾನು ಚೆನ್ನಾಗಿದೆ ಎಂದದ್ದು ಅದರಲ್ಲಿ ಒಮ್ಮೆಯೂ ಬರಲಿಲ್ಲ. ಮರೆತಿದ್ದರೋ, ಬಿಟ್ಟಿದ್ದರೋ ನನಗೆ ಗೊತ್ತಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ತೀರ್ಥಹಳ್ಳಿಯಲ್ಲಿದ್ದೆ. ಬಸ್ಸಿನಲ್ಲಿ ಸಾಗರಕ್ಕೆ ಹೋಗುವ ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ, ಹೇಳಲು ಇನ್ನೂ ಸಮಯವಿದೆ ಎಂಬಂತೆ. ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬಲಗೈ ಎದೆಯ ಮೇಲಿತ್ತು, ಹಿಂಬದಿ ಮೇಲಾಗಿ. ಹಳೆಯ ಕಲೆಗಳ ನಡುವೆ ಎರಡು ಬೆರಳಗಲದ ಆ ಗುರುತನ್ನು ಹುಡುಕಬೇಕಾಗಲಿಲ್ಲ. ನಾನು ಬಗ್ಗಿ, ನನ್ನ ಕೈಯ ಹಿಂಬದಿಯನ್ನು ಅದಕ್ಕೆ ಇಟ್ಟೆ.

“ಗಾಡಿ ಭಾರ ಇತ್ತು ಮೇಸ್ತ್ರಿ” ಎಂದೆ.