ಜಾಗ ಇಲ್ಲದ ಕಾರು

ನನ್ನ ಕಾರು ಎಷ್ಟು ಚಿಕ್ಕದೆಂದರೆ, ಮೂಡುಬಿದಿರೆಯ ಶೋರೂಮಿನಿಂದ ತಂದು ದೇವಸ್ಥಾನದ ಎದುರು ಪೂಜೆಗೆ ನಿಲ್ಲಿಸಿದಾಗ, ಚಕ್ರದ ಅಡಿಗೆ ಇಡಲು ನಾನು ಒಯ್ದ ನಾಲ್ಕು ಲಿಂಬೆಹುಳಿಗಳನ್ನು ನೋಡಿ ಭಟ್ಟರು, "ಇದಕ್ಕೆ ಇಷ್ಟು ದೊಡ್ಡದು ಬೇಕಿತ್ತಾ?" ಎಂದು ನಕ್ಕರು. ನಾನೂ ನಕ್ಕೆ. ನನ್ನ ನಗುವಿನ ಕಾರಣ ಬೇರೆಯಿತ್ತು.

ಐವತ್ತೊಂದನೇ ವಯಸ್ಸಿಗೆ ಡ್ರೈವಿಂಗ್ ಕಲಿತವಳು ನಾನು. ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಅದನ್ನು ಮೊದಲ ಸಲ ಓಡಿಸಿಕೊಂಡು ಬಂದಾಗ ಕೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಕೂತಲ್ಲಿಂದ ಬಾನೆಟ್ಟೇ ಕಾಣಿಸುವುದಿಲ್ಲ. ಕಾರು ಎಲ್ಲಿ ಮುಗಿಯುತ್ತದೆ, ರಸ್ತೆ ಎಲ್ಲಿ ಶುರುವಾಗುತ್ತದೆ ಎಂದು ಅಂದಾಜು ಸಿಗದೆ ಎರಡು ಮಾರು ದೂರದಲ್ಲಿರುವಾಗಲೇ ಬ್ರೇಕ್ ತುಳಿಯುತ್ತಿದ್ದೆ. ಏರು ಬಂದರೆ ಎ.ಸಿ. ಆರಿಸಬೇಕು, ಇಲ್ಲದಿದ್ದರೆ ಹತ್ತುವುದಿಲ್ಲ ಎಂದು ಹಟ ಹಿಡಿಯುತ್ತದೆ. ಧರ್ಮಸ್ಥಳಕ್ಕೆ ಹೋಗುವ ಟೂರಿಸ್ಟ್ ಬಸ್ಸು ಪಕ್ಕದಲ್ಲಿ ಹಾದರೆ ಅದರ ಗಾಳಿಗೇ ಒಮ್ಮೆ ನಡುಗುತ್ತದೆ. ಆದರೆ ಎರಡು ದೊಡ್ಡ ಕಾರುಗಳ ನಡುವೆ, ಬೇರೆ ಯಾರೂ ಆಸೆಪಡದ ಸಂದಿಯಲ್ಲಿ, ಮೂರನೇ ದಿನವೇ ಸಲೀಸಾಗಿ ನಿಲ್ಲಿಸಿದೆ. ಇಳಿದು ಬಾಗಿಲು ಹಾಕಿದಾಗ ಬಂದ ಆ ಟಪ್ ಎಂಬ ಸಣ್ಣ ಸದ್ದು ನನಗೆ ಬಹಳ ಇಷ್ಟವಾಯಿತು.

ಶಾಲೆಯಲ್ಲಿ ಜೊತೆ ಟೀಚರುಗಳು ಬಿಡಲಿಲ್ಲ. "ಟೀಚರೇ, ಬ್ಯಾಗಲ್ಲಿ ಹಾಕ್ಕೊಂಡು ಒಳಗೇ ತನ್ನಿ, ಹೊರಗೆ ಕಾಗೆ ಎತ್ಕೊಂಡು ಹೋದೀತು" ಎಂದರು. ಇಷ್ಟು ಚಿಕ್ಕದನ್ನೇ ಯಾಕೆ ತೆಗೆದುಕೊಂಡದ್ದು ಎಂದು ಕೇಳಿದವರಿಗೆಲ್ಲ, ಒಬ್ಬಳಿಗೆ ಇಷ್ಟು ಸಾಕು, ಪೆಟ್ರೋಲ್ ಕಡಿಮೆ ಕುಡಿಯುತ್ತದೆ ಎಂದೆ. ಸುಳ್ಳು. ಯಾರಿಗಾದರೂ "ಜಾಗ ಇಲ್ಲ" ಎಂದು ಹೇಳಿದರೆ ನಂಬುವಂತಿರಬೇಕು, ಅದಕ್ಕಾಗಿ ತೆಗೆದುಕೊಂಡದ್ದು. ಯಾರಿಗಾದರೂ ಏನು, ಭಾವನಿಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಎಂಟು ಜನ ಕೂರುವ ದೊಡ್ಡ ಕಾರಿನ ಯಜಮಾನರು. ನಾಲ್ಕು ವರ್ಷದ ಹಿಂದೆ ಅಮ್ಮನ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಬಂಟ್ವಾಳದಿಂದ ಬೆಳ್ತಂಗಡಿ ಕಡೆಯ ನಮ್ಮ ತಾಯಿಮನೆಗೆ ಅದೇ ಕಾರಿನಲ್ಲಿ ಹೊರಟಿದ್ದೆ. ಅಕ್ಕ ಮೊದಲೇ ಅಲ್ಲಿದ್ದಳು. ಕಾರಿನ ಮುಂದೆ ಸೊಂಟನೋವಿನ ಸೋದರಮಾವ, ಹಿಂದೆ ಪಾತ್ರೆ ಮತ್ತು ಬಾಳೆಎಲೆಯ ಕಟ್ಟುಗಳು, ನಡುವಿನ ಸೀಟಿನಲ್ಲಿ ನಾನೊಬ್ಬಳೇ. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಒಣ ಸಿಗಡಿ ಚಟ್ನಿ, ಬೆಳಿಗ್ಗೆ ಎದ್ದು ಕಲ್ಲಿನಲ್ಲೇ ಕಡೆದದ್ದು. ಮಿಕ್ಸಿಯದ್ದನ್ನು ಅಮ್ಮ ಮುಟ್ಟುತ್ತಿರಲಿಲ್ಲ.

ಪುಂಜಾಲಕಟ್ಟೆಯಲ್ಲಿ ಭಾವನ ಪರಿಚಯದ ಇಬ್ಬರು ಕಂಟ್ರಾಕ್ಟರುಗಳು ಕಾಯುತ್ತಿದ್ದರು, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ. ನನ್ನ ಪಕ್ಕ ಇಬ್ಬರೂ ಆರಾಮವಾಗಿ ಕೂರಬಹುದಿತ್ತು. ಭಾವ ತಿರುಗಿ, "ದೊಡ್ಡ ಜನ, ಒತ್ತಿಕೊಂಡು ಕೂರಿಸ್ಲಿಕ್ಕೆ ಆಗುದಿಲ್ಲ. ಜಾಗ ಇಲ್ಲ ಮಾರಾಯ್ತಿ, ನೀನು ಬಸ್ಸಲ್ಲಿ ಬಾ. ಬಸ್ಸು ಎಷ್ಟೂ ಉಂಟು" ಎಂದರು. ಸತ್ತದ್ದು ನನ್ನ ಅಮ್ಮ. ಆದರೂ ನಾನು ಇಳಿದೆ. ಒಂದು ಮಾತೂ ಆಡದೆ ಇಳಿದೆ. ಆ ಸಿಟ್ಟು ನನಗೆ ನನ್ನ ಮೇಲೂ ಉಂಟು.

ಮೊದಲ ಎರಡು ಬಸ್ಸುಗಳು ತುಂಬಿ ಬಂದವು, ನಿಲ್ಲಿಸಲಿಲ್ಲ. ಮೂರನೆಯದರಲ್ಲಿ ಜೋತುಬಿದ್ದು, ಇಳಿದ ಮೇಲೆ ಒಂದು ಮೈಲಿ ಓಡುತ್ತ ನಡೆದು ಮನೆಯ ಅಂಗಳಕ್ಕೆ ಬಂದಾಗ ಎಲ್ಲರೂ ಸುಮ್ಮನೆ ಹೊರಗೆ ನಿಂತಿದ್ದರು. ಒಳಗೆ ಅಮ್ಮನಿಗೆ ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದಾಗಿತ್ತು. ಬಾಗಿಲು ಹಾಕಿದ ಮೇಲೆ ಸತ್ತವರು ಬಂದು ಉಣ್ಣುತ್ತಾರೆ ಎಂದು ನಮ್ಮ ನಂಬಿಕೆ. ಆಗ ಯಾರೂ ಒಳಗೆ ಹೋಗುವಂತಿಲ್ಲ, ತೆರೆದ ಮೇಲೆ ಇನ್ನೊಮ್ಮೆ ಬಡಿಸುವ ಕ್ರಮವೂ ಇಲ್ಲ. ಜಗಲಿಯ ಕಂಬಕ್ಕೆ ಒರಗಿ, ಡಬ್ಬಿ ಹಿಡಿದುಕೊಂಡು ನಿಂತೆ.

ಆಮೇಲೆ ಪ್ರತಿ ವರ್ಷ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮನೆಯ ಹಿರಿಯರಿಗೆ ಬಡಿಸುವಾಗ ನಾನೂ ಬಡಿಸಿದ್ದೇನೆ. ಆದರೆ ಅಲ್ಲಿ ಅಮ್ಮ ಸತ್ತವರೆಲ್ಲರ ಜೊತೆ ಸೇರಿ ಉಣ್ಣುವವಳು. ಅವಳೊಬ್ಬಳಿಗೇ ಎಂದು ಹಾಕಿದ ಎಲೆ ಅದೊಂದೇ ಆಗಿತ್ತು. ಅದಕ್ಕೇ ನಾನು ಮರೆಯಲಿಲ್ಲ, ಕ್ಷಮಿಸಲಿಲ್ಲ. ಡ್ರೈವಿಂಗ್ ಕಲಿಯುವಾಗ ಕ್ಲಚ್ ತಪ್ಪಿ ಗಾಡಿ ನಿಂತುಹೋದಾಗಲೆಲ್ಲ ಪುಂಜಾಲಕಟ್ಟೆಯನ್ನು ನೆನೆದು ಮತ್ತೆ ಕೀ ತಿರುಗಿಸುತ್ತಿದ್ದೆ.

ಕಾರು ಬಂದು ಒಂದು ತಿಂಗಳಿಗೆ ಆಟಿ ಬಂತು. ಭಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಕಾರು ಓಡಿಸುವಂತಿರಲಿಲ್ಲ. ಅಡುಗೆಗೆಂದು ಅಕ್ಕ ಹಿಂದಿನ ದಿನವೇ ಹೋಗಿದ್ದಳು. ಭಾವ ಫೋನ್ ಮಾಡಿ, "ನಿನ್ನ ಆಟದ ಸಾಮಾನಲ್ಲಿ ನಂಗೂ ಒಂದು ಜಾಗ ಉಂಟಾ?" ಎಂದರು.

"ಉಂಟು ಭಾವ, ಬನ್ನಿ" ಎಂದೆ. ಇಷ್ಟು ಸಿಹಿಯಾಗಿ ನಾನು ಅವರೊಡನೆ ಎಂದೂ ಮಾತಾಡಿದವಳಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಮಡಚಿ ಕೂತರು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ದಾರಿಯುದ್ದಕ್ಕೂ ಪಾಠ. "ಗೇರ್ ಹಾಕು. ಹಾರ್ನ್ ಹಾಕು. ಅವನಿಗೆ ಸೈಡ್ ಕೊಡ್ಬೇಡ." ನಾನು ಹೂಂ ಎನ್ನುತ್ತ ಪುಂಜಾಲಕಟ್ಟೆಗೆ ಬಂದೆ. ಅದೇ ಜಾಗದಲ್ಲಿ, ಅದೇ ಅಂಗಡಿಯ ಎದುರು ನಿಲ್ಲಿಸಿದೆ.

"ಇಳೀರಿ ಭಾವ."

"ಎಂತಕ್ಕೆ?"

"ಜಾಗ ಇಲ್ಲ. ನೀವು ಬಸ್ಸಲ್ಲಿ ಬನ್ನಿ. ಬಸ್ಸು ಎಷ್ಟೂ ಉಂಟು."

ತಮಾಷೆಯೆಂದು ತಿಳಿದು ನಗಲು ಹೊರಟರು. ನಾನು ಹಿಂದಿನ ಸೀಟಿನಿಂದ ಸ್ಟೀಲ್ ಡಬ್ಬಿ ಎತ್ತಿ ಹಿಡಿದೆ. "ಇದಕ್ಕೆ ಮುಂದಿನ ಸೀಟು ಬೇಕು. ಅಮ್ಮನ ಚಟ್ನಿ. ಆವತ್ತು ಲೇಟಾಯ್ತಲ್ಲ?" ಭಾವ ಡಬ್ಬಿಯನ್ನು ನೋಡಿದರು, ರಸ್ತೆಯನ್ನು ನೋಡಿದರು. ಅವರಿಗೆ ಎಲ್ಲ ನೆನಪಿತ್ತು. ಮುಖದಲ್ಲೇ ಗೊತ್ತಾಯಿತು. ಬಾಗಿಲು ತೆಗೆದು, ಒಂದೊಂದೇ ಕಾಲು ಹೊರಗಿಟ್ಟು ಇಳಿದರು. ನಾನು ಡಬ್ಬಿಯನ್ನು ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದು ಹೊರಟೆ. ಕನ್ನಡಿಯಲ್ಲಿ ಅವರು ಮಳೆಹನಿಗೆ ತಲೆಯ ಮೇಲೆ ಕೈ ಹಿಡಿದು ನಿಂತದ್ದು ಕಂಡಿತು. ಅಷ್ಟು ಸಂತೋಷ ನನಗೆ ಈ ಕಾರು ಬಂದ ದಿನವೂ ಆಗಿರಲಿಲ್ಲ. ಮುಂದಿನ ಏರಿನಲ್ಲಿ ಎ.ಸಿ. ಆರಿಸದೆಯೇ ಹತ್ತಿಸಿಬಿಟ್ಟೆ.

ಮನೆಯಲ್ಲಿ ಎಲ್ಲ ತಯಾರಾಗಿತ್ತು. ಎಲೆಗಳ ತುದಿಗೆ ಚಟ್ನಿ ಬಡಿಸಿದೆ. ಅಕ್ಕ, "ಇವರು ಎಲ್ಲಿ? ಸ್ವಲ್ಪ ಕಾಯುವ" ಎಂದಳು. ಬಸ್ಸಿನಲ್ಲಿ ಬರುತ್ತಾರೆ ಎಂದು ಹೇಳಿ ನಾನೇ ಬಾಗಿಲು ಎಳೆದೆ. ಹೊರಗೆ ಬಂದು ನಿಂತ ಸ್ವಲ್ಪ ಹೊತ್ತಿಗೆ ಭಾವ ಒದ್ದೆಯಾಗಿ ಅಂಗಳಕ್ಕೆ ಬಂದರು. ಹಾಕಿದ ಬಾಗಿಲು ನೋಡಿ, ನಾನು ಅಂದು ಒರಗಿದ ಕಂಬದ ಹತ್ತಿರವೇ ಹೋಗಿ ನಿಂತರು.

ಅಕ್ಕನಿಗೆ ಎಲ್ಲ ಅರ್ಥವಾಯಿತು. ನನ್ನ ಕೈ ಹಿಡಿದು ಬದಿಗೆ ಕರೆದಳು. "ಇಳಿಸಿದ್ದು ಇವರದ್ದು ತಪ್ಪೇ. ಆದ್ರೆ ಆವತ್ತು ಇಲ್ಲಿಗೆ ಬಂದು, ತಂಗಿ ಬರ್ತಾ ಇದ್ದಾಳೆ, ಅವಳು ಬಾರದೆ ಬಾಗಿಲು ಹಾಕ್ಬೇಡಿ ಅಂತ ಹೇಳಿದ್ದು ಇವರೇ. ಜನ ಊಟಕ್ಕೆ ಕಾಯ್ತಾ ಇದ್ದಾರೆ, ಅವಳೊಬ್ಬಳಿಗೆ ಎಷ್ಟು ಹೊತ್ತು ಕಾಯುದು ಅಂತ ಹಾಕಿಸಿದ್ದು ನಾನು."

ನಾಲ್ಕು ವರ್ಷ ಅವಳು ಇದನ್ನು ನನಗೆ ಹೇಳಿರಲಿಲ್ಲ. ಪ್ರತಿ ಆಟಿಯಲ್ಲೂ ನನ್ನ ಪಕ್ಕದಲ್ಲೇ ನಿಂತು ಬಡಿಸಿದ್ದಳು.

ಊಟ ಮುಗಿದು ಹೊರಡುವಾಗ ಭಾವ ತಾವಾಗಿಯೇ ಬಸ್ಸಿಗೆಂದು ಕೊಡೆ ಕೇಳಿ ತೆಗೆದುಕೊಂಡರು. ನಾನು ಕಾರಿನ ಬಾಗಿಲು ತೆರೆದು, "ಭಾವ, ಕೂತ್ಕೊಳ್ಳಿ" ಎಂದೆ. ಅವರು ಅಕ್ಕನ ಮುಖ ನೋಡಿ, ಮತ್ತೆ ನನ್ನ ಮುಖ ನೋಡಿ, ಮೊಣಕಾಲು ಮಡಚಿ ಕೂತರು. ಅಕ್ಕ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ಒಳಗೆ ಇಡೀ ಸೀಟು ಖಾಲಿಯಿತ್ತು, ತೊಳೆದ ಡಬ್ಬಿಯೊಂದು ಬಿಟ್ಟರೆ.

"ಜಾಗ ಇಲ್ಲ ಅಕ್ಕ" ಎಂದೆ.