ಚೀಲದ ಬೆಕ್ಕು, ಹೆಡ್‌ಮಾಸ್ತರ ಸೈಕಲ್ಲು

ನಾನು ಅಜ್ಜಂಪುರದ ಸ್ಕೂಲಿಗೆ ಇಂಗ್ಲಿಷ್ ಮೇಡಂ ಆಗಿ ಸೇರಿದ ವರ್ಷ. ನಮ್ಮ ಹೆಡ್‌ಮಾಸ್ತರು ಕಚ್ಚೆಪಂಚೆ, ಕರಿ ಕೋಟು, ಜರಿಪೇಟದವರು. ಅವರು ಒಮ್ಮೆ ಕೆಮ್ಮಿದರೆ ಸಾಕು, ಇಡೀ ಸ್ಕೂಲು ಗಪ್‌ಚಿಪ್.

ಒಂದು ಭಾನುವಾರ ಬೆಳಿಗ್ಗೆ ಬುಕ್ಕಾಂಬುಧಿಯ ಚಿಕ್ಕಮ್ಮನ ಮನೆಗೆಂದು ಕೆರೆ ಏರಿ ಮೇಲೆ ಹೋಗುತ್ತಿದ್ದೆ. ಎದುರಿನಿಂದ ಸೈಕಲ್ಲೊಂದು ಅಂಕುಡೊಂಕಾಗಿ ಬಂದು ಪೊದೆಗೆ ನುಗ್ಗಿತು. ಪೊದೆಯಿಂದ ಎದ್ದವರು ಹೆಡ್‌ಮಾಸ್ತರು! ಹಿಂದೆಯೇ ಅವರ ಅಳಿಯ ಏದುಸಿರು ಬಿಡುತ್ತಾ ಓಡಿಬಂದ.

"ಮಂಡಿನೋವು ಕಣಮ್ಮಾ, ಸ್ಕೂಲಿಗೆ ಅಷ್ಟು ದೂರ ನಡೆಯೋಕಾಗಲ್ಲ. ಅದಕ್ಕೇ ಕಲೀತಿದೀನಿ," ಎಂದರು ಪೇಟ ಕೊಡವಿಕೊಳ್ಳುತ್ತಾ. "ಸ್ಕೂಲಲ್ಲಿ ಯಾರಿಗೂ ಹೇಳ್ಬೇಡಿ."

"ದೇವರಾಣೆ ಹೇಳಲ್ಲ ಸಾರ್," ಎಂದೆ.

ಶನಿವಾರದವರೆಗೂ ಹೇಳಲಿಲ್ಲ. ಅಂದು ಪಾಠದಲ್ಲಿ 'ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್' ಬಂತು.

"ಅಂದ್ರೆ ಬೆಕ್ಕನ್ನ ಚೀಲದಿಂದ ಬಿಡೋದು. ಗುಟ್ಟನ್ನ ಬಾಯಿತಪ್ಪಿ ಹೇಳಿಬಿಡೋದು ಅಂತ ಅರ್ಥ," ಎಂದೆ.

"ಬೆಕ್ಕನ್ನ ಯಾಕೆ ಚೀಲಕ್ಕೆ ಹಾಕಿದ್ರು ಮೇಡಂ?" ಮುಂದಿನ ಸಾಲಿನ ಹುಡುಗಿ ಕೇಳಿದಳು.

ಅದು ನನಗೂ ಗೊತ್ತಿರಲಿಲ್ಲ. ಮಾತು ಮರೆಸಲು ಉದಾಹರಣೆಗೆ ಕೈಹಾಕಿದೆ. "ಈಗ ನೋಡ್ರೋ, ಒಬ್ಬ ದೊಡ್ಡ ಮನುಷ್ಯರು ಭಾನುವಾರ ಕೆರೆ ಏರಿ ಮೇಲೆ ಕದ್ದುಮುಚ್ಚಿ ಸೈಕಲ್ ಕಲೀತಾರೆ ಅಂತಿಟ್ಕೊಳ್ಳಿ. ಪೇಟ ಒಂದು ಕಡೆ, ಸೈಕಲ್ ಒಂದು ಕಡೆ..."

ಸ್ಕೂಲಿನಲ್ಲಿ ಪೇಟ ಕಟ್ಟುತ್ತಿದ್ದವರು ಒಬ್ಬರೇ. ಇಡೀ ಕ್ಲಾಸು ಹೆಡ್‌ಮಾಸ್ತರ ಕೋಣೆಯತ್ತ ತಿರುಗಿತು.

ಸೋಮವಾರ ಅವರಿಂದ ಕರೆ ಬಂತು. ಹೋಗಿ ಮೇಜಿನ ಮುಂದೆ ನಿಂತೆ.

"ನಿನ್ನೆ ನಿಮ್ಮ ಕ್ಲಾಸಿನ ಮಕ್ಕಳೆಲ್ಲಾ ಏರಿ ಮೇಲೆ ಬಂದ್ಬಿಟ್ಟಿದ್ರು ಕಣಮ್ಮಾ."

"ತಪ್ಪಾಯ್ತು ಸಾರ್..." ಅಳುವೇ ಬಂತು.

"ಇರೀ ಇರೀ. ಅಳಿಯ ಒಬ್ಬನೇ ಹಿಡಿದಾಗ ದಿನಕ್ಕೆ ಹತ್ತು ಸಲ ಬೀಳ್ತಿದ್ದೆ. ನಿನ್ನೆ ಅಷ್ಟೂ ಜನ ಹಿಡಿದ್ರು, ಒಂದು ಸಲಾನೂ ಬೀಳಲಿಲ್ಲ!" ಮೀಸೆಯೊಳಗೇ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು.

ಮುಂದಿನ ತಿಂಗಳು ಅವರು ಸ್ಕೂಲಿಗೆ ಸೈಕಲ್ಲಿನಲ್ಲೇ ಬಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರು ಗಂಭೀರವಾಗಿ ಬಾವುಟದ ಕಂಬ ಸುತ್ತಿದರು. ಮತ್ತೊಂದು ಸುತ್ತು ಹಾಕಿದರು. ಮೂರನೆಯದೂ ಆಯಿತು. ನಾವು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದೆವು.

"ಹಿಡ್ಕಳ್ರೋ!" ಎಂದು ಕೊನೆಗೆ ಕೂಗಿದರು. "ಇಳಿಯೋದು ಇನ್ನೂ ಕಲ್ತಿಲ್ಲ ಕಣ್ರೋ!"