ಹಳೆಯ ಸಾಲಿನ ಕೆಳಗೊಂದು ಹೊಸ ಸಾಲು

ಫೋನಿನಲ್ಲಿ ಗೆಳೆಯನ ಹಳೆಯ ನಂಬರು ಅಳಿಸಿ ಹೊಸದನ್ನು ತುಂಬುವಾಗ, ಓದುಗ ಮಿತ್ರರೆ, ನಮ್ಮ ಬೆರಳು ಕಿಂಚಿತ್ತೂ ಅನುಮಾನಿಸುವುದಿಲ್ಲ. ಹೊಸದು ಬಂದ ಮೇಲೆ ಹಳೆಯದರ ಹಂಗೇಕೆ? ರೇಣುಕಾಳ ಪಕ್ಕದ ಮೇಜು ಸಿಗುವತನಕ ನನ್ನ ಎಣಿಕೆಯೂ ಅಷ್ಟೇ ಆಗಿತ್ತು.

ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಹೊಸಪೇಟೆಗೆ ಬರುವ ರೇಣುಕಾ ನಮ್ಮ ಕಚೇರಿಯ ಡೇಟಾ ವೇರ್‌ಹೌಸ್ ನೋಡಿಕೊಳ್ಳುತ್ತಾಳೆ. ಸಂಡೂರಿನ ಕಡೆಯ ಅದಿರು ಕಾರ್ಖಾನೆಯೊಂದರ ಕಾರ್ಮಿಕರ ಹೆಸರು, ಊರು, ವಿಭಾಗಗಳೆಲ್ಲ ಬಂದು ಸೇರುವ ಗಣಕದ ಉಗ್ರಾಣವದು.

ಕಳೆದ ಬೇಸಿಗೆಯಲ್ಲಿ ವಡ್ಡು ಗ್ರಾಮದ ಹನುಮಂತಪ್ಪ ನಮ್ಮಲ್ಲಿಗೆ ಬಂದರು. ಅದಿರು ಪುಡಿಮಾಡುವ ಕ್ರಷರ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಈಚೆಗೆ ಕಾರ್ಖಾನೆಯ ಕೈತೋಟಕ್ಕೆ ವರ್ಗವಾದವರು. ಧೂಳಿನಲ್ಲಿ ದುಡಿದವರಿಗೆ ವರ್ಷಕ್ಕೊಮ್ಮೆ ನಡೆಯುವ ಎದೆ ತಪಾಸಣೆಗೆ ಈ ಸಲ ಕರೆ ಬಂದಿಲ್ಲವೆಂದರು.

"ಕೆಲಸ ಬದಲಾಗೈತ್ರಿ. ಎದಿಯೊಳಗಿನ ಧೂಳು ಅಲ್ಲೇ ಐತಲ್ರಿ."

ರೇಣುಕಾ ದಾಖಲೆ ತೆರೆದು ನೋಡಿದರೆ ವಿಭಾಗದ ಜಾಗದಲ್ಲಿ ಬರೀ 'ಕೈತೋಟ'. ವರ್ಗವಾದಾಗ ಹಳೆಯದರ ಮೇಲೆಯೇ ಹೊಸದನ್ನು ಬರೆದದ್ದರಿಂದ, ಗಣಕದ ಪಾಲಿಗೆ ಅವರು ಹುಟ್ಟಾ ಮಾಲಿ. ಇವರೊಬ್ಬರ ಹೆಸರು ತಪಾಸಣೆಯ ಪಟ್ಟಿಗೆ ಸೇರಿಸಿ ಮುಗಿಸೋಣ ಎಂದರು ಮ್ಯಾನೇಜರ್ ಸಾಹೇಬರು. ಹೀಗೆ ಮರೆಯಾದವರು ಇನ್ನೆಷ್ಟು ಮಂದಿಯೋ ಎಂದು ಅವಳು ಒಪ್ಪಲಿಲ್ಲ. ವರ್ಗವಾದಾಗಲೆಲ್ಲ ಹಳೆಯ ಸಾಲನ್ನು ಉಳಿಸಿ, ಅದರ ಕೆಳಗೆ ಹೊಸ ಸಾಲು ಬರೆಯೋಣ ಎಂದಳು. ಬದಲಾದದ್ದಕ್ಕೆಲ್ಲ ಹೊಸ ಸಾಲು ಕೊಡುತ್ತ ಹೋದರೆ ಕಾಗುಣಿತ ತಿದ್ದಿದ್ದಕ್ಕೂ ಒಂದು ಸಾಲೇ ಎಂದು ಸಾಹೇಬರು ರೇಗಿದಾಗ, ಮೆಲ್ಲಗೆ ಹೇಳಿದಳು:

"ತಪ್ಪಿದ್ರ ಅಳಿಸಿ ತಿದ್ದೋಣ್ರಿ. ಅವ್ರು ಅಲ್ಲಿ ದುಡಿದದ್ದು ತಪ್ಪಲ್ರಿ. ಅದನ್ನ ಅಳಿಸೋದು ಬ್ಯಾಡ."

ಸಾಹೇಬರು ಹೂಂ ಎಂದರು. ಹಳೆಯ ಬ್ಯಾಕಪ್‌ಗಳನ್ನು ಕೆದಕಿ ಅವಳು ಪ್ರತಿಯೊಂದು ವರ್ಗಾವಣೆಗೂ ಒಂದೊಂದು ಸಾಲು ಕೊಟ್ಟಳು: ಎಂದಿನಿಂದ, ಎಂದಿನವರೆಗೆ. ಮನುಷ್ಯನ ಗುರುತು ಒಂದೇ, ಸಾಲು ಹಲವು. ಇಂದಿನ ಸಾಲಿಗೆ ಮಾತ್ರ ಕೊನೆಯ ತಾರೀಖಿನ ಮನೆ ಖಾಲಿ. ಆ ಖಾಲಿ ಮನೆ ನನಗೆ ಬಹಳ ಹಿಡಿಸಿತು. ಬಾಳುತ್ತಿರುವವರ ಕತೆಯನ್ನು ಹಾಗೆ ತೆರೆದೇ ಇಡುವುದು, ಬಾಳಿದ್ದನ್ನು ಅಳಿಸದೆಯೇ ಮುಂದಕ್ಕೆ ಬರೆಯುವುದು ಎಂಥ ಸೌಜನ್ಯ!

ಕೈತೋಟ, ಗೇಟು, ಕ್ಯಾಂಟೀನುಗಳಿಗೆ ಚದುರಿಹೋಗಿದ್ದವರಿಗೆಲ್ಲ ಮತ್ತೆ ಕರೆ ಹೋಯಿತು. ಹನುಮಂತಪ್ಪನವರ ಎದೆ ನಿರ್ಮಲವಾಗಿತ್ತು. ಕ್ಯಾಂಟೀನಿನ ಗಂಗಮ್ಮನ ಶ್ವಾಸಕೋಶದಲ್ಲಿ ಸಣ್ಣದೊಂದು ಕಲೆ ಕಂಡಿತು. ಬೇಗ ಸಿಕ್ಕಿದ್ದರಿಂದ ಔಷಧಿಗೆ ಬಗ್ಗುತ್ತದೆಂದರು ವೈದ್ಯರು. ಈಗವರು ಚೇತರಿಸಿಕೊಳ್ಳುತ್ತಿದ್ದಾರೆ.

ನನ್ನ ಕಣ್ಣಿಗೆ ಕಟ್ಟಿರುವುದು ಆ ದಿನ ಕಂಡ, ತಪಾಸಣೆಯ ಕೋಣೆಯ ಹೊರಗಿನ ಬೆಂಚು. ಕ್ರಷರಿನ ಅಬ್ಬರದಲ್ಲಿ ಜೊತೆಜೊತೆಗೇ ನಿಂತು, ಬರೀ ಕೈಸನ್ನೆಯಲ್ಲೇ ಮಾತಾಡಿಕೊಂಡವರು ಅಲ್ಲಿ ಸಾಲಾಗಿ ಕೂತಿದ್ದರು. ಗಂಗಮ್ಮ ಏನೋ ಕೇಳಿದಾಗ ಹನುಮಂತಪ್ಪ ಉತ್ತರ ಮರೆತು ಅವರನ್ನೇ ನೋಡಿದರು.

"ನಿನ್ನ ದನಿ ಹಿಂಗೈತೇನು ಗಂಗಮ್ಮ? ಇಷ್ಟು ವರ್ಷ ಕೇಳೇ ಇರ್ಲಿಲ್ಲ."

ಗಂಗಮ್ಮ ನಕ್ಕರು. ಒಳಗಿನಿಂದ ಹೆಸರು ಕೂಗುವತನಕ ಮಾತು ನಿಲ್ಲಿಸಲಿಲ್ಲ.